ಲಂಡನ್ನಿನ ಕೆಂಪು ಬಸ್ಸು: ನಾಲ್ಕು ಸ್ಟಾರು ನನ್ನದು, ಐದನೆಯದು ತಮ್ಮ ತಡೆದಿದ್ದಾನೆ

ಬ್ಲೌಸು ಕೊಡಲು ಬರುವವರೆಲ್ಲ ಕೇಳುವುದು ಒಂದೇ. "ಲಂಡನ್ನಲ್ಲಿ ಏನೇನು ನೋಡಿದ್ರಿ ಆಂಟಿ?" ನಾನು ಬಸ್ಸು ಅನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಅರಮನೆ ನೋಡೋಕೆ ಮೈಸೂರಿನವಳು ಅಷ್ಟು ದೂರ ಹೋಗಬೇಕಾ? ನಮ್ಮದಕ್ಕೆ ಭಾನುವಾರ ಸಂಜೆ ದೀಪ ಬೇರೆ ಹಾಕುತ್ತಾರೆ.

ನಾನು ಹೋದದ್ದು ಮಗಳ ಬಾಣಂತನಕ್ಕೆ. 2025ರ ಏಪ್ರಿಲ್ ಕೊನೆಗೆ ಹೋಗಿ, ದಸರಾಕ್ಕೆ ಮುಂಚೆ ವಾಪಸ್ ಬಂದೆ. ಕುವೆಂಪುನಗರದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ದಸರಾ ಆರ್ಡರು ಬಿಟ್ಟರೆ ವರ್ಷವಿಡೀ ಮಾತು ಕೇಳಬೇಕು. ಮಗಳ ಮನೆ ಹ್ಯಾರೋದಲ್ಲಿ. ಲಂಡನ್ನೇ, ಆದರೆ ಊರ ನಡುವೆ ಅಲ್ಲ, ಅಂಚಿನಲ್ಲಿ. ಮೈಸೂರಿಗೆ ಇಲವಾಲ ಇದ್ದ ಹಾಗೆ ಅನ್ನಿ, ಅಂಗಡಿ ಸಾಲು ಮಾತ್ರ ಜಾಸ್ತಿ. ಐದು ತಿಂಗಳಲ್ಲಿ ಟ್ಯಾಕ್ಸಿ ಹತ್ತಿದ್ದು ಎರಡೇ ಸಲ. ಮಗಳಿಗೆ ನೋವು ಬಂದ ರಾತ್ರಿ ಒಮ್ಮೆ, ಮಗುವನ್ನು ಮನೆಗೆ ತರುವಾಗ ಒಮ್ಮೆ. ಉಳಿದದ್ದೆಲ್ಲ ಬಸ್ಸು.

ವಿಮಾನ ಇಳಿದಾಗ ಅಳಿಯ ಒಬ್ಬರೇ ನಿಂತಿದ್ದರು. ಕಾರಿಲ್ಲ. ನನ್ನ ಹತ್ತಿರ ಎರಡು ಸೂಟ್‌ಕೇಸು. ಒಳಗೆ ಮೆಣಸಿನ ಪುಡಿ, ಬಾಣಂತಿ ಲೇಹ, ಚಟ್ನಿಪುಡಿ, ಮಗುವಿಗೆ ಸುತ್ತಲು ಅವರ ಮಾವನ ಹಳೇ ಪಂಚೆ. "ಬಸ್ಸಲ್ಲೇ ಹೋಗೋಣ ಅತ್ತೆ" ಅಂದರು. ಇಷ್ಟು ಓದಿದ ಹುಡುಗ ಟ್ಯಾಕ್ಸಿಗೆ ಹಿಂದೆಮುಂದೆ ನೋಡ್ತಾನಲ್ಲ ಅಂತ ಮನಸ್ಸಲ್ಲೇ ಅಂದುಕೊಂಡೆ. ಎಸ್‌ಎಲ್ 9 ಅನ್ನೋ ಬಸ್ಸು. ಹೀಥ್ರೂನಿಂದ ಹ್ಯಾರೋಗೆ ನೇರ, ನಡುವೆ ಕಡಿಮೆ ನಿಲುಗಡೆ. ಆಗ ಒಬ್ಬರಿಗೆ 1.75 ಪೌಂಡು. ನಮ್ಮ ದುಡ್ಡಲ್ಲಿ ಹೆಚ್ಚು ಕಡಿಮೆ 200 ರೂಪಾಯಿ. ವಿಮಾನ ನಿಲ್ದಾಣದಿಂದ ಮನೆಗೆ 200 ರೂಪಾಯಿ ಅಂದರೆ ಬೆಂಗಳೂರಲ್ಲೂ ಸಿಗಲ್ಲ. ಆಮೇಲೆ ಗೊತ್ತಾಯಿತು, ಆ ದರ ಒಂದು ಸ್ಟಾಪು ಹೋದರೂ ಅಷ್ಟೇ, ಕೊನೇ ಸ್ಟಾಪಿಗೆ ಹೋದರೂ ಅಷ್ಟೇ. ಒಂದು ಗಂಟೆಯೊಳಗೆ ಬೇರೆ ಬಸ್ಸು ಹತ್ತಿದರೆ ಮತ್ತೆ ದುಡ್ಡು ಕತ್ತರಿಸುವುದಿಲ್ಲ. ನಾನು ಇದನ್ನು ಚೆನ್ನಾಗಿ ಬಳಸಿಕೊಂಡೆ. ತರಕಾರಿ ತಂದು, ಔಷಧಿ ತಂದು, ಒಂದೇ ಟಿಕೆಟ್ಟಲ್ಲಿ ಮನೆ ಸೇರುತ್ತಿದ್ದೆ. ಕೊನೆಗೆ ಓಡುವಾಗ ಮಗಳು ಗಡಿಯಾರ ತೋರಿಸಿ ನಗುತ್ತಿದ್ದಳು.

ನಗದು ಮಾತ್ರ ತೆಗೆದುಕೊಳ್ಳುವುದಿಲ್ಲ. 2014ರ ಜುಲೈನಲ್ಲೇ ನಿಲ್ಲಿಸಿದರಂತೆ. ಮೊದಲನೇ ವಾರ ಒಬ್ಬಳೇ ಹೊರಟವಳು ಡ್ರೈವರ್ ಕಡೆ ಎರಡು ಪೌಂಡ್ ನಾಣ್ಯ ಚಾಚಿದೆ. ಗಾಜಿನ ಆಚೆ ಅವರು ತಲೆ ಅಲ್ಲಾಡಿಸಿದರು. ಹಿಂದೆ ಕ್ಯೂ. ಹತ್ತುವಾಗ ಯಂತ್ರಕ್ಕೆ ಮುಟ್ಟಿಸುವ ಕಾರ್ಡು ಮಗಳು ಕೊಟ್ಟಿದ್ದಳು, ನಾನು ಅದನ್ನು ಸೂಜಿ ಡಬ್ಬಿಯಲ್ಲಿ ಭದ್ರವಾಗಿ ಇಟ್ಟು ಬಂದಿದ್ದೆ. ಇಳಿದು ನಡೆದೇ ಹೋದೆ.

ಎರಡನೇ ಪೆಟ್ಟು ಕೂಡ ನನ್ನದೇ ತಪ್ಪು. ಹ್ಯಾರೋ ಸುತ್ತ ಎಚ್ 9, ಎಚ್ 10 ಅಂತ ಎರಡು ಬಸ್ಸು ತಿರುಗುತ್ತವೆ. ಒಂದು ಗಡಿಯಾರದ ದಿಕ್ಕಿಗೆ, ಇನ್ನೊಂದು ಉಲ್ಟಾ. ಎರಡೂ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಗೆ ಹೋಗುತ್ತವೆ. ಎರಡೂ ಹೋಗುತ್ತವಲ್ಲ ಅಂತ ಸಿಕ್ಕಿದ್ದು ಹತ್ತಿದೆ. ಇಡೀ ಹ್ಯಾರೋ ಪ್ರದಕ್ಷಿಣೆ ಆಯಿತು. ಚಾಮುಂಡಿ ಬೆಟ್ಟ ಸುತ್ತಿದ ಹಾಗೆ. ಮಗಳಿಗೆ ತಂದಿದ್ದ ಸಾರನ್ನ ಆರಿ ಹೋಗಿತ್ತು.

ಈಗ ಒಳ್ಳೆಯದು ಹೇಳುತ್ತೇನೆ, ಇದು ಉದ್ದ ಇದೆ.

ಬಸ್ಸು ನಿಂತಾಗ ಪುಸ್ ಅಂತ ಒಂದು ಕಡೆ ಬಗ್ಗುತ್ತದೆ. ಆನೆ ಅಂಬಾರಿ ಹೊರಲು ಮಂಡಿ ಹಾಕಿದ ಹಾಗೆ. ಮೆಟ್ಟಿಲೇ ಇಲ್ಲ, ಫುಟ್‌ಪಾತಿನಿಂದ ನೇರ ಒಳಗೆ. ಮಂಡಿ ನೋವಿನವಳಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಮೆಟ್ಟಿಲು ಹತ್ತಿ ಒದ್ದಾಡಿದವರಿಗೇ ಗೊತ್ತು. ಮಗುವಿನ ತಳ್ಳುಗಾಡಿ ಒಂದೇ ಕೈಯಲ್ಲಿ ಹತ್ತಿಸುತ್ತಿದ್ದೆ. ಮುಂದಿನ ಸ್ಟಾಪು ಯಾವುದು ಅಂತ ಒಂದು ಹೆಂಗಸಿನ ದನಿ ಹೇಳುತ್ತದೆ, ಮೇಲೆ ಬೋರ್ಡಲ್ಲಿ ಅಕ್ಷರವೂ ಬರುತ್ತದೆ. ಕಿವಿ ಕೇಳದವರಿಗೆ ಅಕ್ಷರ, ಕಣ್ಣು ಕಾಣದವರಿಗೆ ದನಿ, ನನ್ನಂಥ ಇಂಗ್ಲಿಷ್ ಅರೆಬರೆಯವರಿಗೆ ಎರಡೂ. ನಮ್ಮಲ್ಲೇನು ಇರಲಿಲ್ಲ ಅಂತಲ್ಲ. 2012ರಲ್ಲಿ ಮೈಸೂರಿನ ಸಿಟಿ ಬಸ್ಸುಗಳಿಗೆ ಜಿಪಿಎಸ್ ಹಾಕಿ, ನಿಲ್ದಾಣದಲ್ಲಿ ಬಸ್ಸು ಬರುವ ಹೊತ್ತು ತೋರಿಸುವ ಬೋರ್ಡು ಇಟ್ಟಾಗ ನಾನೇ ಅಂಗಡಿ ಹುಡುಗಿಯರನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ದೇಶದಲ್ಲೇ ಮೊದಲು ಅಂದಿದ್ದರು. ಅಲ್ಲಿ ಆ ಬೋರ್ಡು ನೋಡಿದಾಗಲೆಲ್ಲ ನಮ್ಮದೂ ಇತ್ತಲ್ಲ ಅಂತ ಹೊಟ್ಟೆ ಚುರುಕ್ ಅನ್ನುತ್ತಿತ್ತು.

ಒಂದು ದಿನ ಜೋರು ಮಳೆ. ಬಸ್ಸಿನ ನಡುವಿನ ಜಾಗದಲ್ಲಿ ನಾನು, ಮಗು, ತಳ್ಳುಗಾಡಿ. ಮಗು ಆಗಷ್ಟೇ ಮಲಗಿತ್ತು. ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು ಸ್ಟಾಪಿನಲ್ಲಿ ಕಾಯುತ್ತಿದ್ದರು. ಬಾಗಿಲಿಂದ ಹಲಗೆ ಹೊರಗೆ ಚಾಚಿತು. ಗಾಡಿ ಮಡಚಿ ಅಂತ ಡ್ರೈವರ್ ಹೇಳಿದರು. ನನಗೆ ಸಿಟ್ಟು ಬಂತು. ಮಲಗಿರೋ ಕೂಸನ್ನು ಎತ್ತಬೇಕಾ? ಆದರೆ ಜಾಗ ಮೊದಲು ಗಾಲಿಕುರ್ಚಿಗೆ ಅಂತ ಗೋಡೆ ಮೇಲೇ ಬರೆದಿದೆ. ಇಂಥದೇ ಒಂದು ಜಗಳ ಅವರ ಸುಪ್ರೀಂ ಕೋರ್ಟ್ ತನಕ ಹೋಗಿ, 2017ರಲ್ಲಿ ಗಾಲಿಕುರ್ಚಿಯವರ ಕಡೆ ತೀರ್ಪು ಬಂದಿತ್ತು ಅಂತ ರಾತ್ರಿ ಅಳಿಯ ಹೇಳಿದರು. ನಾನು ಎತ್ತಿದೆ, ಪಕ್ಕದ ಹುಡುಗ ಗಾಡಿ ಮಡಚಿಕೊಟ್ಟ. ಆ ಹೆಂಗಸು ಮಗುವಿನ ಕಾಲು ಮುಟ್ಟಿ ನಕ್ಕರು. ಮಗು ಕಿರುಚಿತು. ಎಲ್ಲರೂ ನೋಡಿದರು. ಸರಿ, ಮುಗಿಯಿತು.

ಇಷ್ಟಾದರೆ ಐದು ಸ್ಟಾರು ಕೊಡಬಹುದಿತ್ತು. ಕತೆ ಇರುವುದು ಬಸ್ ಸ್ಟಾಪಿನ ಬೆಂಚಿನಲ್ಲಿ.

ಪಕ್ಕದ ಮನೆಯ ಗುಜರಾತಿ ಅಜ್ಜ, ಅವರ ಹೆಂಡತಿ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಕೂರುತ್ತಿದ್ದರು. ಅಲ್ಲಿನ ನಿವಾಸಿಗಳಿಗೆ ವಯಸ್ಸಾದ ಮೇಲೆ ಬಸ್ಸು ಪುಕ್ಕಟೆ. ಕೆಲಸ ಇರಲಿ ಬಿಡಲಿ, ಹತ್ತುತ್ತಾರೆ. ನನ್ನ ಹರಕು ಹಿಂದಿ, ಅವರ ಗುಜರಾತಿ ಹಿಂದಿ. ಮಾತು ಹವಾಮಾನದಿಂದ ಶುರುವಾಗಿ ಐದು ನಿಮಿಷಕ್ಕೆ ಸರ್ಕಾರಕ್ಕೆ ಬರುತ್ತಿತ್ತು. ಸ್ಟಾರ್ಮರ್ ಸರ್ಕಾರ ಬಂದ ತಿಂಗಳಲ್ಲೇ ಮುದುಕರಿಗೆ ಚಳಿಗಾಲದಲ್ಲಿ ಮನೆ ಬಿಸಿ ಮಾಡಲು ಕೊಡುತ್ತಿದ್ದ ದುಡ್ಡನ್ನು ಬಹಳ ಜನಕ್ಕೆ ನಿಲ್ಲಿಸಿತ್ತು. ಅಜ್ಜಿಗೆ ಅದೇ ಉರಿ. ನಾನಿದ್ದಾಗಲೇ, ಜೂನ್‌ನಲ್ಲಿ, ವರ್ಷಕ್ಕೆ 35,000 ಪೌಂಡ್ ಒಳಗೆ ವರಮಾನ ಇರುವವರಿಗೆಲ್ಲ ವಾಪಸ್ ಕೊಡುತ್ತೇವೆ ಅಂದರು. ಅಜ್ಜಿಗೆ ಸಮಾಧಾನ ಆಗಲಿಲ್ಲ. "ಕೊಟ್ಟದ್ದನ್ನು ಕಿತ್ತುಕೊಂಡು ಮತ್ತೆ ಕೊಟ್ಟರೆ ಥ್ಯಾಂಕ್ಸ್ ಹೇಳಬೇಕಾ?" ಅಂದರು. ಮೇನಲ್ಲಿ ಬೇರೆ ಜಿಲ್ಲೆಗಳ ಸ್ಥಳೀಯ ಚುನಾವಣೆಯಲ್ಲಿ ವಲಸೆ ಬರುವವರನ್ನು ತಡೆಯಬೇಕು ಅನ್ನುವ ಫರಾಜ್ ಅವರ ರಿಫಾರ್ಮ್ ಪಕ್ಷ ದೊಡ್ಡದಾಗಿ ಗೆದ್ದಿತ್ತು. ಅದರ ಮಾತು ಬಂದರೆ ಅಜ್ಜ ಛತ್ರಿ ನೆಲಕ್ಕೆ ಕುಟ್ಟುತ್ತಿದ್ದರು, ಏನೂ ಹೇಳುತ್ತಿರಲಿಲ್ಲ.

ಅಜ್ಜನ ನಿಜವಾದ ಸಿಟ್ಟು ಯೂಲೆಜ್ ಅನ್ನೋ ಹೊಗೆ ಶುಲ್ಕದ ಮೇಲೆ. ಹಳೇ ಗಾಡಿ ಓಡಿಸಿದರೆ ದಿನಕ್ಕೆ 12.50 ಪೌಂಡು ಕಟ್ಟಬೇಕು, ಅಂದರೆ 1,400 ರೂಪಾಯಿ ಮೇಲೆ. ಹೊಗೆ ಕಡಿಮೆ ಮಾಡೋಕೆ ಅಂತ. ಸುಮಾರಾಗಿ 2006ರಿಂದೀಚಿನ ಪೆಟ್ರೋಲ್ ಕಾರಿಗೆ ಕಾಟ ಇಲ್ಲ. ಡೀಸೆಲ್ ಆದರೆ 2015ರ ಸೆಪ್ಟೆಂಬರ್‌ನಿಂದ ಈಚಿನದಾಗಿರಬೇಕು. ರಸ್ತೆ ರಸ್ತೆಯಲ್ಲಿ ಕ್ಯಾಮೆರಾ. 2019ರಲ್ಲಿ ಊರ ನಡುವೆ ಮಾತ್ರ ಇತ್ತು, 2021ರಲ್ಲಿ ಹಿಗ್ಗಿಸಿದರು, 2023ರ ಆಗಸ್ಟ್ 29ಕ್ಕೆ ಹ್ಯಾರೋ ತನಕ, ಇಡೀ ಲಂಡನ್ನಿಗೆ ಬಂತು. ಹ್ಯಾರೋ ಕೌನ್ಸಿಲ್ ಬೇರೆ ಕೆಲವು ಕೌನ್ಸಿಲ್‌ಗಳ ಜೊತೆ ಹೈಕೋರ್ಟಿಗೆ ಹೋಗಿ ಸೋತಿತ್ತು. ಅಜ್ಜನ ಮಗ ರಾತ್ರಿ ಪಾಳಿ. ರಾತ್ರಿ ಹತ್ತಕ್ಕೆ ಹೊರಟು ಬೆಳಿಗ್ಗೆ ಆರಕ್ಕೆ ಬರುತ್ತಾನೆ. ದಿನ ಅಂದರೆ ನಡುರಾತ್ರಿಯಿಂದ ನಡುರಾತ್ರಿ. ಹಾಗಾಗಿ ಒಂದು ಪಾಳಿಗೆ ಎರಡು ದಿನದ ದುಡ್ಡು. ಹಳೇ ಗಾಡಿ ಗುಜರಿಗೆ ಹಾಕಿದರೆ 2,000 ಪೌಂಡ್ ಕೊಡುತ್ತಿದ್ದರು, ಆದರೆ ಮೊದಮೊದಲು ಎಲ್ಲರಿಗೂ ಇರಲಿಲ್ಲ. ಅವನು ಆತುರಕ್ಕೆ ಬಿದ್ದು ಬೇಸಿಗೆಗೆ ಮುಂಚೆಯೇ ಸಿಕ್ಕಷ್ಟಕ್ಕೆ ಮಾರಿದ. ಆಗಸ್ಟಿನಲ್ಲಿ ಲಂಡನ್ನಿನವರಿಗೆಲ್ಲ ಅಂತ ಬಾಗಿಲು ತೆಗೆದರು. ನಮ್ಮ ಅಳಿಯನ ಕಾರೂ ಹಾಗೇ ಹೋದದ್ದು. ಸೆಕೆಂಡ್ ಹ್ಯಾಂಡ್ ಡೀಸೆಲ್, ಮಾರಿದವನು ಈ ವಿಷಯ ಬಾಯಿ ಬಿಟ್ಟಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ನಾನು ಮನಸ್ಸಲ್ಲಿ ಅಂದುಕೊಂಡದ್ದನ್ನು ವಾಪಸ್ ತೆಗೆದುಕೊಂಡೆ.

ಮೈಸೂರಿಗೆ ಬಂದ ವಾರಕ್ಕೇ ನನ್ನ ತಮ್ಮ ಬಂದ. ಅವನದು ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿ. ಮಗುವಿನ ಫೋಟೋ ನೋಡಿ, ಕಾಫಿ ಕುಡಿದು, ಇದನ್ನೆಲ್ಲ ಕೇಳಿಸಿಕೊಂಡ.

"ಒಂದ್ ರಾತ್ರಿಗೆ ಎರಡ್ ದಿನದ್ ದುಡ್ಡಾ? ನಮ್ ಟೋಲೇ ವಾಸಿ ಕಣಕ್ಕ. 24 ಗಂಟೆ ಒಳಗೆ ವಾಪಸ್ ಬಂದ್ರೆ ರಿಯಾಯ್ತಿನಾದ್ರೂ ಐತೆ."

ಅವನಿಗೆ ಬೆಂಗಳೂರು-ಮೈಸೂರು ಹೈವೇ ಮೇಲೆ ಇನ್ನೂ ಕೋಪ. 2023ರ ಮಾರ್ಚ್ 12ಕ್ಕೆ ಮಂಡ್ಯದಲ್ಲೇ ಉದ್ಘಾಟನೆ ಆಯಿತು, ಇವನೂ ನೋಡಲು ಹೋಗಿದ್ದ. ಅದೇ ವರ್ಷ ಜುಲೈನಲ್ಲಿ ಗಣಂಗೂರಿನಲ್ಲಿ ಟೋಲ್ ಶುರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶ ಇಲ್ಲ. ಸಾವು ನೋವು ಜಾಸ್ತಿ ಆಗುತ್ತಿತ್ತು, ಅದಕ್ಕೇ ನಿಲ್ಲಿಸಿದರು. ತಮ್ಮನಿಗೂ ಅದು ಗೊತ್ತು. ಗೊತ್ತಿದ್ದರೂ, "ಹೊಲ ಹೋಗಿದ್ ನಮ್ದು, ರೋಡು ಕಾರ್‌ನೋರ್ದು" ಅನ್ನುತ್ತಾನೆ. ಅವನ ದನಿ ಕೇಳುತ್ತಾ ನನಗೆ ಹ್ಯಾರೋ ಬೆಂಚು ಕಣ್ಣಿಗೆ ಕಟ್ಟಿತು. ಛತ್ರಿ ಒಂದಿಲ್ಲ ಅಷ್ಟೇ.

ಅಲ್ಲಿ ಈ ಸಿಟ್ಟು ಓಟಿನ ಡಬ್ಬಿಗೂ ಹೋಯಿತು. 2023ರ ಜುಲೈನಲ್ಲಿ, ಯೂಲೆಜ್ ಹ್ಯಾರೋಗೆ ಬರಲು ತಿಂಗಳಿದ್ದಾಗ, ಪಕ್ಕದ ಅಕ್ಸ್‌ಬ್ರಿಜ್‌ನಲ್ಲಿ ಉಪಚುನಾವಣೆ. ಬೋರಿಸ್ ಜಾನ್ಸನ್ ಬಿಟ್ಟ ಸೀಟು. ದೇಶವೆಲ್ಲ ಆಗ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷಕ್ಕೆ ಉಗಿಯುತ್ತಿದ್ದಾಗ ಅವರು ಇಲ್ಲಿ 495 ಓಟಿನಿಂದ ಗೆದ್ದುಬಿಟ್ಟರು. ಎಲ್ಲರೂ ಯೂಲೆಜ್ ಅಂದರು. ಆಗಿನ ಪ್ರಧಾನಿ ಸುನಕ್ ಆಮೇಲೆ ಕಾರಿನವರ ಪರ ಅಂತ ಜೋರಾಗಿ ಮಾತಾಡತೊಡಗಿದರು. ಕೆಲವರು ರಾತ್ರಿ ಹೋಗಿ ಕ್ಯಾಮೆರಾ ಕತ್ತರಿಸುತ್ತಿದ್ದರು. ಆದರೆ ಮರುವರ್ಷ ಮೇನಲ್ಲಿ ಯೂಲೆಜ್ ತಂದ ಲೇಬರ್ ಪಕ್ಷದ ಮೇಯರ್ ಸಾದಿಕ್ ಖಾನ್ ಮೂರನೇ ಸಲ ಗೆದ್ದರು. ಜುಲೈನಲ್ಲಿ ಅಕ್ಸ್‌ಬ್ರಿಜ್ ಕೂಡ ಲೇಬರ್ ಪಾಲಾಯಿತು. ಅಜ್ಜನನ್ನು ಕೇಳಿದೆ, ಸಿಟ್ಟು ಎಲ್ಲಿ ಹೋಯಿತು ಅಂತ. "ಎಲ್ಲಿಗೂ ಹೋಗಿಲ್ಲ, ಕಾರು ಬದಲಾಯ್ತು" ಅಂದರು.

ಮಗಳು ಈ ವಾದದಲ್ಲಿ ನಮ್ಮ ಯಾರ ಕಡೆಯೂ ಅಲ್ಲ. ಅವಳು ಎಲ್ಲಾ ಅನ್ನೋ ಹುಡುಗಿಯ ಹೆಸರು ಹೇಳುತ್ತಾಳೆ. ಎಲ್ಲಾ ಅಡೂ ಕಿಸ್ಸಿ ಡೆಬ್ರಾ. ದಕ್ಷಿಣ ಲಂಡನ್ನಿನಲ್ಲಿ ದೊಡ್ಡ ರಸ್ತೆ ಪಕ್ಕ ಮನೆ. ಉಬ್ಬಸ ಜಾಸ್ತಿಯಾಗಿ 2013ರ ಫೆಬ್ರವರಿಯಲ್ಲಿ ಒಂಬತ್ತು ವರ್ಷಕ್ಕೇ ತೀರಿಕೊಂಡಳು. ತಾಯಿ ಬಿಡಲಿಲ್ಲ, ಓಡಾಡಿದಳು. 2020ರ ಡಿಸೆಂಬರಿನಲ್ಲಿ ಸಾವಿನ ಕಾರಣದ ಸಾಲಿನಲ್ಲಿ ಗಾಳಿಯ ಮಾಲಿನ್ಯ ಅಂತ ಬರೆದರು. ಆ ದೇಶದಲ್ಲಿ ಅದೇ ಮೊದಲು. ಮಗುವಿಗೆ ಎಣ್ಣೆ ತಿಕ್ಕುತ್ತಾ ಇದನ್ನು ಕೇಳಿದೆ. ಮಾರನೇ ದಿನ ಬೆಂಚಿನಲ್ಲಿ ಅಜ್ಜ ಬೈಯುವಾಗ ಹೂಂಗುಟ್ಟಲು ಬಾಯಿ ಬರಲಿಲ್ಲ.

ನಾನು ಹೊಲಿಗೆಯವಳು, ನನಗೆ ತಿಳಿಯುವುದು ಅಳತೆಯ ಲೆಕ್ಕ. ಹೊಸ ಬ್ಲೌಸು ಹಾಕಿ ನೋಡುವ ತನಕ ಅಳತೆ ಬ್ಲೌಸನ್ನು ಬಿಚ್ಚಬಾರದು. ಲಂಡನ್ನಿನ ನಡುವೆ ಅದನ್ನು ಪಾಲಿಸಿದರು. 2003ರ ಫೆಬ್ರವರಿಯಲ್ಲಿ ಆಗಿನ ಮೇಯರ್ ಕೆನ್ ಲಿವಿಂಗ್‌ಸ್ಟನ್ ಊರ ನಡುವೆ ಬರುವ ಕಾರಿಗೆ ದಿನಕ್ಕೆ 5 ಪೌಂಡ್ ಹಾಕಿದಾಗ ಜೊತೆಗೇ ಬಸ್ಸು ಜಾಸ್ತಿ ಬಿಟ್ಟಿದ್ದರು. ಆ ಶುಲ್ಕ ಏರುತ್ತಾ ಹೋಗಿ, ಈ 2026ರ ಜನವರಿ 2ರಿಂದ 18 ಪೌಂಡು. ಎಲೆಕ್ಟ್ರಿಕ್ ಕಾರಿಗೂ ಈಗ ಪೂರ್ತಿ ಮಾಫಿ ಇಲ್ಲ. ಅಲ್ಲಿ ಬಸ್ಸು, ರೈಲು ಕಾಲಿಗೆ ತೊಡರುವಷ್ಟಿವೆ, ಕಟ್ಟುವವರು ಕಟ್ಟಲಿ. ಅಂಚಿನಲ್ಲಿ ಹಾಗಲ್ಲ. ಊರ ನಡುವಿಗೆ ಹೋಗೋ ರೈಲು ಚೆನ್ನಾಗಿವೆ, ಅಂಚಿನಿಂದ ಅಂಚಿಗೆ ಹೋಗೋಕೆ ಕಷ್ಟ. ಅದಕ್ಕೇ 2023ರಲ್ಲಿ ಸೂಪರ್‌ಲೂಪ್ ಅಂತ ಊರ ಸುತ್ತ ಈ ಎಸ್‌ಎಲ್ ಬಸ್ಸುಗಳನ್ನು ಶುರು ಮಾಡಿದರು. ಆದರೆ ಅದರಲ್ಲಿ ಎಷ್ಟೋ ಭಾಗ ಬಂದದ್ದು ಯೂಲೆಜ್ ಶುಲ್ಕ ಬಂದ ಮೇಲೆ, ಮುಂಚೆ ಅಲ್ಲ. ರಾತ್ರಿ ಪಾಳಿಯ ಹುಡುಗನಿಗೆ ಆ ಕ್ರಮ ದುಬಾರಿ ಆಯಿತು.

ಒಂದು ಸಂಗತಿ ಮಾತ್ರ ಮೆಚ್ಚಲೇಬೇಕು. ಲಂಡನ್ನಿನ ಬಸ್ಸು ಓಡಿಸುವುದು ಖಾಸಗಿ ಕಂಪನಿಗಳು. ಹೌದು, ಖಾಸಗಿ. ಆದರೆ ಯಾವ ದಾರಿ, ಎಷ್ಟೊತ್ತಿಗೆ, ಎಷ್ಟು ದರ, ಯಾವ ಬಣ್ಣ, ಎಲ್ಲ ನಗರದ ಸಾರಿಗೆ ಸಂಸ್ಥೆ ಹೇಳಿದಂತೆ. 1986ರಲ್ಲಿ ಬೇರೆ ಊರುಗಳಲ್ಲಿ ಬಸ್ಸನ್ನು ಕಂಪನಿಗಳ ಇಷ್ಟಕ್ಕೇ ಬಿಟ್ಟರು, ಲಂಡನ್ನನ್ನು ಮಾತ್ರ ಹೊರಗಿಟ್ಟರು. ಮ್ಯಾಂಚೆಸ್ಟರಿನಲ್ಲಿರುವ ಮಗಳ ಗೆಳತಿ ಹೇಳುತ್ತಿದ್ದಳು, ಅಲ್ಲಿ ಒಂದು ಕಂಪನಿಯ ಟಿಕೆಟ್ಟು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ ಅಂತ. ಆ ಊರು ಎಲ್ಲ ಬಸ್ಸನ್ನು ಮತ್ತೆ ತನ್ನ ಹಿಡಿತಕ್ಕೆ ತಂದು ಹಳದಿ ಬಣ್ಣ ಬಳಿದು ಮುಗಿಸಿದ್ದು 2025ರ ಜನವರಿ 5ಕ್ಕೆ. ಅದೇ 5ನೇ ತಾರೀಖು ನಮ್ಮಲ್ಲಿ ಬಸ್ ದರ ಶೇ. 15 ಏರಿತ್ತು. ಅದೇ ಜನವರಿಯ 1ಕ್ಕೆ ಲಂಡನ್ನಿನ ಹೊರಗಿನ ಇಂಗ್ಲೆಂಡಿನಲ್ಲಿ 2 ಪೌಂಡಿದ್ದ ಗರಿಷ್ಠ ದರ 3 ಆಯಿತು. ಬೈಗುಳ ಎರಡೂ ಕಡೆ ಒಂದೇ ಹೊತ್ತಿಗೆ ಎದ್ದಿರಬೇಕು.

ಮುಷ್ಕರವೂ ಹಾಗೇ. ಆಗಸ್ಟ್ 5ಕ್ಕೆ ನಮ್ಮವರು ಫೋನ್ ಮಾಡಿ, "ಬಸ್ಸೇ ಇಲ್ಲ, ಸ್ಟ್ಯಾಂಡು ಮೈದಾನ ಆಗಿದೆ" ಅಂದರು. 38 ತಿಂಗಳ ಬಾಕಿ ಕೊಡಿ ಅಂತ ಸಾರಿಗೆ ನೌಕರರು ನಿಂತಿದ್ದರು. ತಿಂಗಳು ಕಳೆದು ಸೆಪ್ಟೆಂಬರ್ 8ರಿಂದ ನಾಲ್ಕು ದಿನ ಲಂಡನ್ನಿನಲ್ಲಿ ನೆಲದಡಿಯ ರೈಲು ನಿಂತಿತು. ಕೆಲಸದ ಗಂಟೆ ಕಡಿಮೆ ಮಾಡಿ, ಸುಸ್ತಾಗುತ್ತೆ ಅಂತ. ಆ ಜನವೆಲ್ಲ ನನ್ನ ಬಸ್ಸಿಗೆ ಬಂದರು. ನರ್ಸುಗಳಿಗಿಂತ ಜಾಸ್ತಿ ಸಂಬಳ ಇವರಿಗೆ ಅಂತ ಒಬ್ಬಾಕೆ, ರಾತ್ರಿ ಮೂರಕ್ಕೆ ಎದ್ದು ನೋಡು ಅಂತ ಇನ್ನೊಬ್ಬ. ಜಗಳ ಆಡುತ್ತಲೇ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟರು.

ಈಗ ಮೈಸೂರಿನ ಬಸ್ಸಲ್ಲಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ಟು ಇಸಕೊಂಡು ಮಾರುಕಟ್ಟೆಗೆ ಹೋಗುತ್ತೇನೆ. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಅಲ್ವಾ. ಲೈನಿಂಗ್ ಬಟ್ಟೆಗೆ ವಾರಕ್ಕೆ ಮೂರು ಸಲ ಹೋಗುವವಳಿಗೆ ಇದು ಸಣ್ಣ ಉಳಿತಾಯ ಅಲ್ಲ. ದುಡ್ಡಿನಲ್ಲಿ ನಮ್ಮ ಬಸ್ಸಿಗೇ ಪೂರ್ತಿ ಅಂಕ. ಕೆಂಪು ಬಸ್ಸಿಗೆ ನಾನು ನಾಲ್ಕು ಕೊಟ್ಟೆ. ಐದನೆಯದನ್ನು ಕೊಡಲು ಹೊರಟಾಗ ತಮ್ಮ ಕೇಳಿದ, "ರಾತ್ರಿ ಪಾಳಿ ಹುಡ್ಗ ಈಗ ಎಂಗ್ ಓಯ್ತಾನೆ?" ಅಂತ. ಸಾಲ ಮಾಡಿ ತೆಗೆದ ಪೆಟ್ರೋಲ್ ಕಾರಿನಲ್ಲಿ ಅಂದೆ. "ಮತ್ತೆ?" ಅಂದ. ಸುಮ್ಮನಾದೆ.

ಬಾಣಂತನಕ್ಕೆ ಹೋಗುವವರಿಗೆ ಎರಡು ಮಾತು. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು, ಅಮ್ಮ ಮಗಳು ಒಂದೇ ಕಾರ್ಡಲ್ಲಿ ಹೋಗೋಕೆ ಆಗಲ್ಲ. ಹತ್ತುವಾಗ ಒಂದೇ ಸಲ ಮುಟ್ಟಿಸಿ, ಇಳಿಯುವಾಗ ಬೇಡ, ರೈಲಲ್ಲಿ ಮಾತ್ರ ಎರಡೂ ಕಡೆ. ಎಚ್ 9, ಎಚ್ 10 ಹತ್ತುವ ಮುಂಚೆ ಯಾವ ಕಡೆ ಸುತ್ತುತ್ತೆ ಕೇಳಿ. ಮಹಡಿ ಬಸ್ಸಾದರೆ, ಮಗು ಜೊತೆಗಿಲ್ಲದ ದಿನ, ಮೇಲಿನ ಮುಂದಿನ ಸೀಟಿಗೆ ನಾಚಿಕೆ ಬಿಟ್ಟು ಓಡಿ. ಮರದ ಕೊಂಬೆ ಗಾಜಿಗೆ ಟಪ್ ಅಂತ ಹೊಡೆಯುತ್ತದೆ, ಹೆದರಬೇಡಿ. ನಾನು ಮೊದಲನೇ ಸಲ ಜೋರಾಗಿ ಕೂಗಿಬಿಟ್ಟಿದ್ದೆ.